ಗಣಕಯಂತ್ರದ ಚಿತ್ರ ದಿನಚರಿ

ಗಣಕಯಂತ್ರದ ತೆರೆಯ ಮೇಲೆ ಒಂದು ವರ್ಷದ ಮಳೆಯ ಲೆಕ್ಕವು ರೇಖಾಚಿತ್ರವಾಗಿ ಮೂಡಿದೆಯೆನ್ನೋಣ. ಅದರ ಚೌಕಟ್ಟಿನ ಅಂಚನ್ನು ಹಿಡಿದೆಳೆದು ಅಗಲವನ್ನು ಎರಡರಷ್ಟು ಮಾಡಿದರೆ ಗೆರೆಗಳು ಹಿಗ್ಗುವುವು. ಅಕ್ಷರಗಳು ಮಾತ್ರ ತಮ್ಮ ಮೊದಲಿನ ಗಾತ್ರವನ್ನು ಬಿಡವು. ಛಾಯಾಚಿತ್ರವನ್ನು ಹೀಗೆ ಹಿಗ್ಗಿಸಿದ್ದರೆ ಅಕ್ಷರಗಳೂ ಅಡ್ಡಡ್ಡ ಬೆಳೆದು ವಿಕಾರವಾಗುತ್ತಿದ್ದುವು. ಹಾಗಾಗದಿರುವುದರಿಂದ, ಯಂತ್ರವು ಹಳೆಯ ಚಿತ್ರವನ್ನು ಅಳಿಸಿ ಹೊಸದೊಂದನ್ನು ಬರೆದಿರಬೇಕೆಂದು ನಾವು ಊಹಿಸಬೇಕಾಗುವುದು. ಬರೆಯುವ ಕ್ರಮವನ್ನು ಅದು ಎಲ್ಲಿ ನೆನಪಿಟ್ಟುಕೊಂಡಿತ್ತು?

ನಾವು ಹೇಳುತ್ತಿರುವುದು ಸಂಖ್ಯಾಶಾಸ್ತ್ರಜ್ಞರಿಗೆ ಪ್ರಿಯವಾದ 'ಆರ್' ಎಂಬ ಗಣಕಭಾಷೆಯ ವಿಷಯ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು ಆರಂಭಿಸಿದ ಈ ಭಾಷೆಯ 1.0.0 ಆವೃತ್ತಿ ಹೊರಬಂದುದು 2000ದ ಫೆಬ್ರವರಿ 29ರಂದು. ತೆರೆಯ ಮೇಲೆ ಗೆರೆ, ಚುಕ್ಕಿ, ಅಕ್ಷರಗಳನ್ನು ಮೂಡಿಸುವ ಪ್ರತಿಯೊಂದು ಆಜ್ಞೆಯನ್ನೂ 'ಆರ್' ಒಂದು ಪಟ್ಟಿಯಲ್ಲಿ ಕ್ರಮವಾಗಿ ಬರೆದಿಡುವುದು. ಅಂಗಳದ ರಂಗೋಲಿಯನ್ನು ಎತ್ತಿ ಪಕ್ಕದ ಮನೆಗೆ ಒಯ್ಯಲಾಗದು. 'ಏಳು ಚುಕ್ಕಿ, ಒಂದರವರೆಗೆ' ಎಂಬ ಲೆಕ್ಕವನ್ನೂ ಗೆರೆಯೆಳೆಯುವ ಕ್ರಮವನ್ನೂ ತಿಳಿಸಿದರೆ ಅಲ್ಲಿಯೂ ಅದು ಮೂಡುವುದು. ಈ ಪಟ್ಟಿಯ ಪ್ರತಿಯನ್ನು ತೆಗೆದಿಡಲು 'ರೆಕಾರ್ಡ್‌ಪ್ಲಾಟ್' ಎಂಬ ಆಜ್ಞೆಯೂ, ಅದರಿಂದ ಚಿತ್ರವನ್ನು ಮರಳಿ ಬರೆಸಲು 'ರೀಪ್ಲೇಪ್ಲಾಟ್' ಎಂಬುದೂ ಇವೆ.

ಇದರ ಬೆಲೆಯೂ ಉಂಟು. ಹತ್ತು ಲಕ್ಷ ಚುಕ್ಕಿಗಳ ಚಿತ್ರವಾದರೆ ಅಷ್ಟರ ವಿವರವೂ ಯಂತ್ರದ ಸ್ಮೃತಿಯನ್ನು ಆಕ್ರಮಿಸುವುದು. ಚೌಕಟ್ಟನ್ನು ಎಳೆದಾಗಲೆಲ್ಲ ಅಷ್ಟನ್ನೂ ಮತ್ತೆ ಬರೆಯಬೇಕು. ಮುದ್ರಣಕ್ಕಾಗಿ ಪಿಡಿಎಫ್ ಕಡತಕ್ಕೆ ಬರೆಯುವಾಗ ಪುಟವು ಹಿಗ್ಗುವ ಪ್ರಶ್ನೆಯೇ ಇಲ್ಲದುದರಿಂದ, ನಾವಾಗಿ ಕೇಳದ ಹೊರತು 'ಆರ್' ಈ ಪಟ್ಟಿಯನ್ನು ಇಡುವುದಿಲ್ಲ. ಜಾಣ ಜಿಪುಣತನವೆನ್ನಬೇಕು!

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಚಿತ್ರದೊಳಗಿನ ಒಂದು ಪದದ ಸುತ್ತ ಪೆಟ್ಟಿಗೆ ಬರೆಯಬೇಕು. ಪದದ ಅಗಲವನ್ನು ಅಳೆದು, ಅದನ್ನು ಚಿತ್ರದ ಅಳತೆಗೋಲಿಗೆ ಪರಿವರ್ತಿಸಿ, ಪೆಟ್ಟಿಗೆಯನ್ನು ಬರೆಸುತ್ತೇವೆ. ಪಟ್ಟಿಗೆ ಸೇರುವುದು ಕಡೆಯ ಆಜ್ಞೆ ಮಾತ್ರ. ಅದರ ಹಿಂದಿನ ಗಣಿತ ಸೇರದು. ಈಗ ಚೌಕಟ್ಟನ್ನು ಹಿಗ್ಗಿಸಿದರೆ ಅಳತೆಗೋಲಿನೊಡನೆ ಪೆಟ್ಟಿಗೆಯೂ ಹಿಗ್ಗುವುದು, ಪದ ಮಾತ್ರ ಇದ್ದಷ್ಟೇ ಇರುವುದು. ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಅದು ತೋರುವುದು! ಈ ಗಣಿತವನ್ನೂ ಪಟ್ಟಿಗೆ ಸೇರಿಸಿ, ಪ್ರತಿಸಲವೂ ಹೊಸದಾಗಿ ಲೆಕ್ಕಹಾಕಿಸುವ 'ರೆಕಾರ್ಡ್‌ಗ್ರಾಫಿಕ್ಸ್' ಎಂಬ ಉಪಾಯವಿದೆ. ಅದು ಸಾಮಾನ್ಯ ಬಳಕೆಗಾಗಿ ಅಲ್ಲವೆಂದು ಕೈಪಿಡಿಯೇ ಎಚ್ಚರಿಸುವುದರಿಂದ ಹೊಸಬರು ಅದರಿಂದ ದೂರವಿರುವುದು ಲೇಸು.

ಹೀಗೆ ತೆಗೆದಿಟ್ಟ ಪಟ್ಟಿ ಎಷ್ಟು ಕಾಲ ಬಾಳುವುದು? ಅದರ ಒಳರಚನೆ 'ಆರ್' ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಹಳೆಯ ಆವೃತ್ತಿಯ ಪಟ್ಟಿಯನ್ನು ಹೊಸದು ಓದೀತೆಂಬ ಭರವಸೆಯಿಲ್ಲ. ಶಾಶ್ವತ ಸಂಗ್ರಹಕ್ಕೆ ಅದನ್ನು ನೆಚ್ಚಬಾರದೆಂದು ಕೈಪಿಡಿ ಸ್ಪಷ್ಟವಾಗಿ ಹೇಳುವುದು. ವರ್ಷಗಳ ತರುವಾಯವೂ ಅದೇ ಚಿತ್ರ ಬೇಕೆನ್ನುವ ಸಂಶೋಧಕರು ಮೂಲ ಅಂಕಿ-ಅಂಶಗಳನ್ನೂ ಚಿತ್ರವನ್ನು ಬರೆಸಿದ ಕ್ರಮವಿಧಿಯ ಪಠ್ಯವನ್ನೂ ಜೋಪಾನ ಮಾಡುತ್ತಾರೆ. ಪಟ್ಟಿಯಾದರೋ ಆ ದಿನದ ಕೆಲಸಕ್ಕೆ.