ಕ್ಲಿಪ್ ಹಾಕುವ ಡಾಕ್ಟರಾಗಲು ಎಷ್ಟು ಓದಬೇಕು?

ಶಾಲೆಯ ದಂತ ತಪಾಸಣೆ ಶಿಬಿರ ಮುಗಿಸಿ ಬಂದ ಮಗಳ ಕೈಯಲ್ಲಿ ಒಂದು ಚೀಟಿ. ‘ಮೇಲಿನ ಹಲ್ಲುಗಳು ಮುಂದಕ್ಕೆ ಬಂದಿವೆ, ಆರ್ಥೊಡಾಂಟಿಸ್ಟರಿಗೆ ತೋರಿಸಿ’ ಎಂದು ಅದರಲ್ಲಿ ಬರೆದಿದೆ. ನಿಮಗೆ ಖರ್ಚಿನ ಚಿಂತೆ. ಮಗಳ ಪ್ರಶ್ನೆ ಬೇರೆಯೇ: “ಅಮ್ಮಾ, ಕ್ಲಿಪ್ ಹಾಕುವ ಡಾಕ್ಟರಾಗಲು ಎಷ್ಟು ಓದಬೇಕು? ಕನ್ನಡ ಮೀಡಿಯಂನವರು ಆಗಬಹುದಾ?”

ಗಡಿನಾಡಿನ ಹೆತ್ತವರಾದ ನಿಮಗೆ ಈ ಎರಡನೆಯ ಪ್ರಶ್ನೆ ಹೊಸದಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸಿದ ದಿನದಿಂದಲೂ ಅದು ನಿಮ್ಮ ಜತೆಗಿದೆ. ಆದ್ದರಿಂದ ಈ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡೋಣ. ಎಲ್ಲಿ ಕನ್ನಡ ಸಾಕು, ಎಲ್ಲಿ ಸಾಲದು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿದುಕೊಳ್ಳೋಣ.

ಎಂಟು ವರ್ಷಗಳ ಲೆಕ್ಕ

ಪ್ಲಸ್ ಟು ವಿಜ್ಞಾನ ಮುಗಿಸಿ ನೀಟ್ ಬರೆದು ಬಿಡಿಎಸ್ ಸೇರಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇಲ್ಲಿಗೆ ಮಗು ದಂತವೈದ್ಯ. ಹುಳುಕು ತುಂಬಬಹುದು, ಹಲ್ಲು ಕೀಳಬಹುದು. ಆದರೆ ವಕ್ರ ಹಲ್ಲನ್ನು ಸಾಲಿಗೆ ತರುವ, ದವಡೆಯ ಬೆಳವಣಿಗೆಯನ್ನು ತಿದ್ದುವ ತಜ್ಞರಾಗಬೇಕಾದರೆ ಇನ್ನೂ ಮೂರು ವರ್ಷ ಎಂಡಿಎಸ್ ಓದಬೇಕು. ಅಲ್ಲಿಗೆ ಪ್ಲಸ್ ಟು ನಂತರ ಒಟ್ಟು ಎಂಟು ವರ್ಷ.

ಎಂಡಿಎಸ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. 2017ರ ಪ್ರವೇಶದಿಂದ ದೇಶಕ್ಕೆಲ್ಲ ಒಂದೇ ‘ನೀಟ್ ಎಂಡಿಎಸ್’. ಮೂರು ಗಂಟೆಯಲ್ಲಿ 240 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಸರಕಾರಿ ಕಾಲೇಜುಗಳ ಅರ್ಧದಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದನ್ನು ಆಯಾ ರಾಜ್ಯ ಹಂಚುತ್ತದೆ. ಆರ್ಥೊಡಾಂಟಿಕ್ಸ್‌ಗೆ ಬೇಡಿಕೆ ಹೆಚ್ಚು, ಸೀಟು ಕಡಿಮೆ. ಒಳ್ಳೆಯ ರ‍್ಯಾಂಕ್ ಬರದಿದ್ದರೆ ಬೇರೆ ವಿಭಾಗ, ಇಲ್ಲವೇ ದುಬಾರಿ ಖಾಸಗಿ ಸೀಟು.

ಮೂರು ವರ್ಷ ಏನು ಕಲಿಸುತ್ತಾರೆ?

ಮೊದಲ ತಿಂಗಳುಗಳಲ್ಲಿ ಕೈಯಲ್ಲಿರುವುದು ರೋಗಿಯ ಬಾಯಿಯಲ್ಲ, ಸ್ಟೀಲ್ ತಂತಿ ಮತ್ತು ಇಕ್ಕಳ. ತಂತಿಯನ್ನು ನೇರ ಮಾಡುವುದು, ಬಾಗಿಸುವುದು, ಸುರುಳಿ ಸುತ್ತುವುದು, ಸರಿಬರದಿದ್ದರೆ ಎಸೆದು ಮತ್ತೆ ಮಾಡುವುದು. ಅನಂತರ ‘ಟೈಪೊಡಾಂಟ್’. ಇದು ಮೇಣದಲ್ಲಿ ಕೃತಕ ಹಲ್ಲುಗಳನ್ನು ವಕ್ರವಾಗಿ ನೆಟ್ಟ ಮಾದರಿ ದವಡೆ. ಅದಕ್ಕೆ ಕಂಬಿ ಕಟ್ಟಿ ಬಿಸಿನೀರಿನಲ್ಲಿ ಇಟ್ಟರೆ ಮೇಣ ಮೆದುವಾಗಿ ಹಲ್ಲು ಸರಿಯುತ್ತದೆ. ತಾನು ಹಾಕಿದ ಬಲ ಯಾವ ಕಡೆ ಎಳೆಯಿತು ಎಂಬುದು ವಿದ್ಯಾರ್ಥಿಗೆ ಕಣ್ಣಾರೆ ಕಾಣುತ್ತದೆ.

ಜೀವಂತ ದವಡೆಯಲ್ಲಿ ಮೇಣವಿಲ್ಲ, ಎಲುಬಿದೆ. ಹಲ್ಲಿನ ಬೇರು ಒತ್ತುವ ಕಡೆ ಎಲುಬು ಕರಗುತ್ತದೆ, ಎಳೆಯುವ ಕಡೆ ಹೊಸ ಎಲುಬು ಹುಟ್ಟುತ್ತದೆ. ಹೀಗೆ ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಆತುರಪಟ್ಟು ಬಲ ಹೆಚ್ಚಿಸಿದರೆ ಬೇರಿಗೇ ಪೆಟ್ಟು. ಅದಕ್ಕಾಗಿಯೇ ಮೊದಲ ವರ್ಷ ಅಂಗರಚನೆ, ಬೆಳವಣಿಗೆ, ತಳಿಶಾಸ್ತ್ರದ ಓದು, ಕೊನೆಗೆ ಆ ಮೂಲ ವಿಷಯಗಳ ಪರೀಕ್ಷೆ. ತಲೆಯ ಪಕ್ಕದ ಎಕ್ಸ್‌ರೇ ಮೇಲೆ ಗೆರೆ ಎಳೆದು, ಕೋನ ಅಳೆದು, ದೋಷ ಹಲ್ಲಿನದೋ ದವಡೆಯದೋ ಎಂದು ಗುರುತಿಸುವುದನ್ನೂ ಕಲಿಯಬೇಕು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ತೋರಿಸಿಕೊಟ್ಟ ಈ ಪದ್ಧತಿ ಇಂದು ಕಂಪ್ಯೂಟರಿಗೂ ಬಂದಿದೆ.

ಮುಂದೆ ರೋಗಿಗಳು ಬರುತ್ತಾರೆ. ಪ್ರತಿಯೊಬ್ಬರ ಅಚ್ಚು, ಫೋಟೊ, ಎಕ್ಸ್‌ರೇ ಹಿಡಿದು ಗುರುಗಳ ಮುಂದೆ ಯೋಜನೆ ಮಂಡಿಸಬೇಕು. ಈ ಹಲ್ಲು ಕೀಳುವುದೇಕೆ, ಕೀಳದಿದ್ದರೆ ಜಾಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇಕು. ಒಂದು ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಕಂಬಿ ಕಟ್ಟಿದ ಕೈಯೇ ಕಂಬಿ ಬಿಚ್ಚುವುದನ್ನೂ ಕಾಣಬೇಕಾದರೆ ಕೋರ್ಸಿಗೆ ಮೂರು ವರ್ಷ ಬೇಕೇ ಬೇಕು. ಜತೆಗೆ ಒಂದು ಸಂಶೋಧನಾ ಪ್ರಬಂಧ. ಸೀಳುತುಟಿ, ಸೀಳು ಅಂಗಳದ ಮಕ್ಕಳ ಚಿಕಿತ್ಸೆಯಲ್ಲೂ ಇವರಿಗೆ ಪಾತ್ರವಿದೆ. ಶಸ್ತ್ರಚಿಕಿತ್ಸಕರು ಎಲುಬು ಕಸಿ ಮಾಡುವ ಮೊದಲು ಮೇಲ್ದವಡೆಯನ್ನು ಅಗಲಿಸಿಕೊಡುವವರು ಇವರೇ. ಕ್ಲಿಪ್ ಎಂದರೆ ಬರೇ ಚಂದದ ಕೆಲಸವಲ್ಲ.

ವಯನಾಡಿನಿಂದ ಮೂರು ದಾರಿ

ವಯನಾಡು ಜಿಲ್ಲೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇಲ್ಲ. ಓದಬೇಕಾದವರೂ, ಕಾಲೇಜು ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದವರೂ ಜಿಲ್ಲೆ ದಾಟಲೇಬೇಕು. ತಾಮರಶ್ಶೇರಿ ಚುರಂ ಇಳಿದರೆ ಕೋಯಿಕ್ಕೋಡಿನ ಸರಕಾರಿ ದಂತ ಕಾಲೇಜು, ಅಲ್ಲಿ ಆರ್ಥೊಡಾಂಟಿಕ್ಸ್ ಎಂಡಿಎಸ್ ಇದೆ. ಮಾನಂದವಾಡಿಯಿಂದ ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ ದಾಟಿದರೆ ವಿರಾಜಪೇಟೆಯಲ್ಲಿ 1999ರಲ್ಲಿ ಆರಂಭವಾದ ಕೊಡಗು ದಂತ ವೈದ್ಯಕೀಯ ಕಾಲೇಜು. ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆ ಹಾದರೆ ಮೈಸೂರಿನ ಜೆಎಸ್‌ಎಸ್. ಈ ಮೂರನೆಯ ದಾರಿಯಲ್ಲಿ ಬಂಡೀಪುರದ ಕಾಡು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚಿರುತ್ತದೆ ಎಂಬುದು ನೆನಪಿರಲಿ. ಕಾಸರಗೋಡಿನವರಿಗೆ ಪೊಯಿನಾಚಿ, ಸುಳ್ಯ, ಮಂಗಳೂರು ಹತ್ತಿರ.

ಮಗುವಿನ ಹಲ್ಲಿಗಾಗಿಯೂ ಈ ಮಾಹಿತಿ ಉಪಯೋಗಕ್ಕೆ ಬರುತ್ತದೆ. ಕಾಲೇಜು ಆಸ್ಪತ್ರೆಗಳಲ್ಲಿ ಎಂಡಿಎಸ್ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಮುಂದೆ ಚಿಕಿತ್ಸೆ ಕೊಡುತ್ತಾರೆ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಆದರೆ ತಿಂಗಳಿಗೊಮ್ಮೆ ತಪ್ಪದೆ ಹೋಗಬೇಕು. ವಿದ್ಯಾರ್ಥಿಯ ಮೂರು ವರ್ಷ ಮುಗಿದರೆ ಉಳಿದ ಚಿಕಿತ್ಸೆ ಕಿರಿಯ ವಿದ್ಯಾರ್ಥಿಯ ಕೈಗೆ ಹೋಗಬಹುದು, ಇದನ್ನು ಮೊದಲೇ ಕೇಳಿಕೊಳ್ಳಿ. ಮಗುವಿಗೆ ಏಳು ವರ್ಷ ತುಂಬುವ ಹೊತ್ತಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಹೆಬ್ಬೆರಳು ಚೀಪುವ ಅಭ್ಯಾಸ, ಬಾಯಿಯಲ್ಲಿ ಉಸಿರಾಡುವುದು, ದವಡೆ ಹಿಂದುಳಿದಿರುವುದು ಇವೆಲ್ಲ ಬೆಳೆಯುವ ವಯಸ್ಸಿನಲ್ಲಿ ಗೊತ್ತಾದರೆ ತಿದ್ದುವುದು ಸುಲಭ.

ಕನ್ನಡ ಎಲ್ಲಿ ಸಾಕು, ಎಲ್ಲಿ ಸಾಲದು?

ಬಿಡಿಎಸ್ ಪ್ರವೇಶದ ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ. ಕೇರಳದ ಕೇಂದ್ರಗಳಲ್ಲಿ ಸಿಗುವುದು ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳ. ಅರ್ಜಿ ತುಂಬುವಾಗ ಭಾಷೆಯ ಕಾಲಂ ಮತ್ತು ಕೇಂದ್ರದ ಪಟ್ಟಿ ಎರಡನ್ನೂ ಒಟ್ಟಿಗೆ ನೋಡಿ. ಕನ್ನಡ ಆರಿಸಿದವರಿಗೆ ಸಿಗುವ ಪತ್ರಿಕೆಯಲ್ಲಿ ಇಂಗ್ಲಿಷೂ ಇರುತ್ತದೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷೇ ಅಂತಿಮ.

ಕರ್ನಾಟಕದ ಸೀಟು ಹಂಚಿಕೆಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಕಲಂ ಇದೆ. ಕೇರಳದಲ್ಲಿ ಅದು ಹೇಳುವುದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳನ್ನು. ವಯನಾಡಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅಲ್ಲಿನ ಕನ್ನಡ ಮನೆಗಳವರು ಹೊರನಾಡ ಕನ್ನಡಿಗರ ಕಲಂ ನೋಡಬೇಕು. ಕನ್ನಡ ಭಾಷಾ ಪರೀಕ್ಷೆಯೂ ಇರುವುದರಿಂದ ಶಾಲೆಯಲ್ಲಿ ಕಲಿತ ಕನ್ನಡ ಇಲ್ಲಿ ನೇರವಾಗಿ ಕೈಹಿಡಿಯುತ್ತದೆ. ಷರತ್ತುಗಳನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ.

ಇನ್ನು ಕಹಿ ಮಾತು. ಬಿಡಿಎಸ್ ತರಗತಿಯಿಂದ ಮುಂದೆ ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ. ಹತ್ತನೆಯ ತನಕ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಮಗು ಮರುವರ್ಷ ‘ಫೋಟೊಸಿಂಥೆಸಿಸ್’ ಎಂದಾಗ ತಬ್ಬಿಬ್ಬಾಗುತ್ತದೆ. ಆ ಮೊದಲ ಆರು ತಿಂಗಳಲ್ಲೇ ಎಷ್ಟೋ ಮಕ್ಕಳು ‘ನನ್ನಿಂದಾಗದು’ ಎಂದು ಕೈಚೆಲ್ಲುತ್ತಾರೆ. ಇದಕ್ಕೆ ಹೆದರಿ ಆರು ವರ್ಷದ ಮಗುವಿನ ಮಾಧ್ಯಮ ಬದಲಿಸಬೇಕಾಗಿಲ್ಲ. ಎಂಟನೆಯಿಂದಲೇ ವಿಜ್ಞಾನದ ಪ್ರತಿ ಪಾಠದ ಕನ್ನಡ ಪದದ ಎದುರು ಇಂಗ್ಲಿಷ್ ಪದ ಬರೆದಿಡುವ ಒಂದು ನೋಟುಪುಸ್ತಕ ಮಾಡಿಸಿ. ಹತ್ತನೆಯ ರಜೆಯಲ್ಲಿ ಇಂಗ್ಲಿಷ್ ಪಠ್ಯವನ್ನು ಗಟ್ಟಿಯಾಗಿ ಓದಿಸಿ. ವಿಷಯ ಅರ್ಥವಾದ ಮಗುವಿಗೆ ಪದ ಕಲಿಯುವುದು ಕೆಲವು ತಿಂಗಳ ಕೆಲಸ.

ಹಣದ ವಿಷಯವೂ ಹಾಗೆಯೇ. ಸರಕಾರಿ ಸೀಟಿಗೂ ಖಾಸಗಿ ಸೀಟಿಗೂ ಶುಲ್ಕದಲ್ಲಿ ಹಲವು ಪಟ್ಟು ಅಂತರ. ಬಿಡಿಎಸ್‌ಗೆ ಸಾಲ ಮಾಡಿ, ಎಂಡಿಎಸ್‌ಗೆ ತೋಟ ಅಡವಿಡುವ ಮೊದಲು ಬಿಡಿಎಸ್ ಮುಗಿದ ಮೇಲೆ ಒಂದೆರಡು ವರ್ಷ ದುಡಿದು ನೋಡಲಿ. ಆ ಕೆಲಸ ಇಷ್ಟವೋ ಎಂಬುದು ಆಗ ತಿಳಿಯುತ್ತದೆ.

ಕುರ್ಚಿಯ ಮುಂದೆ ಬೇಕಾದ ಮಾತು

ಎಂಟು ವರ್ಷ ಮುಗಿದ ಮೇಲೆ ಪುನಃ ಮನೆಮಾತು ಬೇಕಾಗುತ್ತದೆ. ಎರಡು ವರ್ಷ ಕಂಬಿ ಹೊತ್ತು ತಿರುಗುವ ಮಗುವಿಗೆ ‘ಉಜ್ಜದಿದ್ದರೆ ಹುಳುಕಾಗುತ್ತದೆ, ಕಂಬಿ ಬಿಚ್ಚಿದ ಮೇಲೂ ರಿಟೇನರ್ ಹಾಕದಿದ್ದರೆ ಹಲ್ಲು ಹಿಂದಕ್ಕೆ ಸರಿಯುತ್ತದೆ’ ಎಂದು ಅದರ ಮಾತಿನಲ್ಲೇ ಹೇಳಬೇಕು. 2011ರ ಜನಗಣತಿಯಂತೆ ವಯನಾಡಿನ ಜನರಲ್ಲಿ ಶೇ. 18.5 ಮಂದಿ ಪರಿಶಿಷ್ಟ ಪಂಗಡದವರು. ಅವರಲ್ಲಿ ಬೆಟ್ಟಕುರುಮರ, ಕಾಟ್ಟುನಾಯಕರ ಮಾತು ಕನ್ನಡಕ್ಕೆ ಹತ್ತಿರದ್ದು. ಬತ್ತೇರಿಗೆ ಹಿಂದೆ ಜೈನರು ಕರೆಯುತ್ತಿದ್ದ ಹೆಸರೇ ಹನ್ನೆರಡು ಬೀದಿ. ಕನ್ನಡ, ಮಲಯಾಳ ಎರಡೂ ಬಲ್ಲ ಗಡಿನಾಡಿನ ಮಗು ಅಲ್ಲಿ ದಂತವೈದ್ಯರ ಕುರ್ಚಿಯ ಪಕ್ಕ ನಿಂತರೆ ದುಭಾಷಿ ಹುಡುಕಬೇಕಾಗಿಲ್ಲ.

ಮಗಳಿಗೆ ಉತ್ತರ ಹೇಳಿ: ಪ್ಲಸ್ ಟು ಆದ ಮೇಲೆ ಎಂಟು ವರ್ಷ. ಕನ್ನಡ ಮೀಡಿಯಂನವರೂ ಆಗಬಹುದು, ನಡುವೆ ಇಂಗ್ಲಿಷಿನ ಒಂದು ಚುರಂ ಹತ್ತಬೇಕು. ಹತ್ತುವಾಗ ಜತೆಗಿರುತ್ತೇವೆ ಎಂದೂ ಹೇಳಿ. ಸದ್ಯಕ್ಕೆ ಆ ಚೀಟಿ ಹಿಡಿದು ಅವಳ ಹಲ್ಲನ್ನು ತೋರಿಸಿಕೊಂಡು ಬನ್ನಿ. ಆ ಡಾಕ್ಟರ ಕೆಲಸ ಹೇಗಿರುತ್ತದೆ ಎಂದು ಅವಳೂ ನೋಡಿದ ಹಾಗಾಗುತ್ತದೆ.