ನಿಮಗಿದು ಗೊತ್ತೆ? ಸ್ಪೆಲ್‌ಮನ್‌ನ ಬಿಳಿ ಉಡುಪು

ಅಮೆರಿಕದ ಅಟ್ಲಾಂಟಾದಲ್ಲಿರುವ ಸ್ಪೆಲ್‌ಮನ್ ಕಾಲೇಜಿಗೆ ಹೊಸದಾಗಿ ಸೇರುವ ವಿದ್ಯಾರ್ಥಿನಿಯರು ಪ್ರವೇಶ ಸಮಾರಂಭಕ್ಕೆ ಬಿಳಿ ಉಡುಪು ತೊಟ್ಟೇ ಬರುತ್ತಾರೆ. ಅವರ ಅಜ್ಜಿಯರ ಕಾಲದಿಂದಲೂ ನಡೆದುಬಂದ ಪದ್ಧತಿಯಿದು.

ಕಪ್ಪು ಮಹಿಳೆಯರಿಗಾಗಿಯೇ ಹುಟ್ಟಿದ ಈ ಸಂಸ್ಥೆ 1881ರ ಏಪ್ರಿಲ್ 11ರಂದು ಶುರುವಾದದ್ದು ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ. ಕೈಯಲ್ಲಿದ್ದದ್ದು 100 ಡಾಲರ್, ಮೊದಲ ದಿನ ಬಂದವರು 11 ಮಂದಿ. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿ ಬದುಕಿ ಬಂದವರು. ಅಕ್ಷರ ಕಲಿತರೆ ಬೈಬಲನ್ನು ತಾವೇ ಓದಬಹುದೆಂಬ ಹಂಬಲ ಅವರನ್ನು ಅಲ್ಲಿಗೆ ಎಳೆದು ತಂದಿತ್ತು. ಆ ಹಂಬಲಕ್ಕೆ ಜೊತೆಯಾದವರು ನ್ಯೂ ಇಂಗ್ಲೆಂಡಿನಿಂದ ಬಂದ ಶಿಕ್ಷಕಿಯರಾದ ಸೋಫಿಯಾ ಪ್ಯಾಕರ್ಡ್ ಮತ್ತು ಹ್ಯಾರಿಯೆಟ್ ಗೈಲ್ಸ್. ಉದ್ಯಮಿ ರಾಕ್‌ಫೆಲರ್ ನೆರವು ನೀಡಿದ ಮೇಲೆ, 1884ರಲ್ಲಿ, ಗುಲಾಮಗಿರಿಯನ್ನು ವಿರೋಧಿಸಿದ್ದ ಅವರ ಪತ್ನಿಯ ತವರುಮನೆಯ ಹೆಸರನ್ನು ಶಾಲೆಗೆ ಇಡಲಾಯಿತು.

ಪರಂಪರೆಯ ಪರಿಚಯ ಉಡುಪಿಗೇ ಮುಗಿಯುವುದಿಲ್ಲ, ಮುಗಿಯಲೂಬಾರದು. ಆಫ್ರಿಕಾದಿಂದ ಜಗತ್ತಿನೆಲ್ಲೆಡೆ ಚದುರಿಹೋದ ಜನರ ಚರಿತ್ರೆ ಇಲ್ಲಿ ಮೊದಲ ವರ್ಷದವರಿಗೆ ಕಡ್ಡಾಯ ಪಾಠ. ಓದು ಮುಗಿಸಿ ಹೊರಡುವಾಗಲೂ ಅವರದು ಬಿಳಿ ಉಡುಪೇ. ಹಳೆಯ ವಿದ್ಯಾರ್ಥಿನಿಯರೂ ಬಿಳಿಯುಟ್ಟು ಬಂದು, ಅವರೊಂದಿಗೆ ಆವರಣದ ಕಮಾನಿನಡಿ ಮೆರವಣಿಗೆಯಲ್ಲಿ ಸಾಗುತ್ತಾರೆ.