ಪೊಟ್ಟಣ ಬಿಚ್ಚುವ ಮುನ್ನ ಚೀಟಿ ನೋಡಿ



ಹನೂರು ತಾಲ್ಲೂಕಿನ ರಾಮಾಪುರದ ಕಡೆ ರಾಗಿ ಬಿತ್ತುವ ರೈತರು ಬೀಜದ ಚೀಲ ಕೊಳ್ಳುವಾಗ ಮೊದಲು ಏನನ್ನು ನೋಡುತ್ತಾರೆ? ಚೀಲದ ಬಾಯಿ ಹೊಲಿದಿದೆಯೇ, ಮುದ್ರೆ ಒಡೆದಿಲ್ಲವೇ, ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ ಎಂದು ನೋಡುತ್ತಾರೆ. ಬೀಜ ಕೆಟ್ಟದ್ದಾದರೆ ಒಂದು ಬೆಳೆಯೇ ಹೋದಂತೆ. ಲಿನಕ್ಸ್ ಗಣಕಯಂತ್ರಕ್ಕೆ ಡೌನ್‌ಲೋಡ್ ಮಾಡಿದ ಬ್ರೌಸರನ್ನು ಅಳವಡಿಸುವಾಗಲೂ ಇಷ್ಟೇ ಎಚ್ಚರ ಬೇಕು. ಏಕೆಂಬುದನ್ನು ನೋಡೋಣ.

ಪ್ಯಾಕೇಜ್ ಎಂದರೇನು?

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದರು. ಅದನ್ನು ಆಧರಿಸಿದ ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ 1993ರಲ್ಲಿ ಪ್ರಾರಂಭಿಸಿದರು. ಉಬುಂಟು ಇದೇ ಡೆಬಿಯನ್‌ನಿಂದ ಬೆಳೆದದ್ದು. ಈ ಕುಟುಂಬದಲ್ಲಿ ತಂತ್ರಾಂಶಗಳು 'ಡೆಬ್' ಎಂಬ ಪೊಟ್ಟಣದಲ್ಲಿ ಬರುತ್ತವೆ. ಈ ಪೊಟ್ಟಣವನ್ನು ಬಿಚ್ಚಿದರೆ ಒಳಗೆ ಮುಖ್ಯವಾಗಿ ಎರಡು ಗಂಟುಗಳಿರುತ್ತವೆ. ಒಂದರಲ್ಲಿ ಬ್ರೌಸರಿನ ಕಡತಗಳು. ಇನ್ನೊಂದರಲ್ಲಿ ಪೊಟ್ಟಣದ ಹೆಸರು, ಆವೃತ್ತಿ, ಅದಕ್ಕೆ ಬೇಕಾದ ಇತರ ಪೊಟ್ಟಣಗಳ ಪಟ್ಟಿ, ಮತ್ತು ಅಳವಡಿಸುವಾಗ ನಡೆಸಬೇಕಾದ ಸಣ್ಣ ಆಜ್ಞಾಸರಣಿಗಳು. ಈ ಆಜ್ಞಾಸರಣಿಗಳು ಯಂತ್ರದ ಯಜಮಾನನ ಅಧಿಕಾರದಲ್ಲೇ ನಡೆಯುತ್ತವೆ. ಅಪಾಯವಿರುವುದು ಇಲ್ಲಿಯೇ.

ಮೊದಲು ಉಗ್ರಾಣ ನೋಡಿ

ಡೆಬಿಯನ್‌ಗೆ ತನ್ನದೇ ಆದ ಉಗ್ರಾಣವಿದೆ. ಫೈರ್‌ಫಾಕ್ಸ್, ಕ್ರೋಮಿಯಂ ಎರಡೂ ಅಲ್ಲಿವೆ. ಫೈರ್‌ಫಾಕ್ಸಿನ ಮೆನುಗಳನ್ನು ಕನ್ನಡದಲ್ಲಿ ತೋರಿಸುವ ಪ್ಯಾಕೇಜ್ ಇದೆ; ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಇವೆ. ಉಗ್ರಾಣದಿಂದ ತರುವ ಕೆಲಸ 'ಆಪ್ಟ್' ಎಂಬ ತಂತ್ರಾಂಶದ್ದು. ಉಗ್ರಾಣದ ಪಟ್ಟಿಗೆ ಹಾಕಿರುವ ಡಿಜಿಟಲ್ ಸಹಿಯನ್ನು ಆಪ್ಟ್ ತಾನೇ ಪರೀಕ್ಷಿಸುತ್ತದೆ. ಬಂದ ಪೊಟ್ಟಣ ಆ ಪಟ್ಟಿಗೆ ತಾಳೆಯಾಗದಿದ್ದರೆ ಅಳವಡಿಸುವುದಿಲ್ಲ. ಎಂದರೆ, ನೀಲಿ ಚೀಟಿಯನ್ನು ನಿಮ್ಮ ಪರವಾಗಿ ಓದುವವನೊಬ್ಬ ಇದ್ದಾನೆ.

ಆದರೆ ಗೂಗಲ್ ಕ್ರೋಮ್ ಆ ಉಗ್ರಾಣದಲ್ಲಿಲ್ಲ. ಅದರ ಡೆಬ್ ಪೊಟ್ಟಣವನ್ನು ಗೂಗಲ್ ತಾಣದಿಂದಲೇ ಇಳಿಸಿಕೊಳ್ಳಬೇಕು. ಅಥವಾ ನಿಮ್ಮ ಶಾಲೆಯ ಯಂತ್ರಕ್ಕೆ ಅಂತರ್ಜಾಲ ಇಲ್ಲವೆನ್ನಿ. ಯಾರೋ ಕೊಳ್ಳೇಗಾಲದಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದುಕೊಡುತ್ತಾರೆ. ಹೀಗೆ ಕೈಯಲ್ಲಿ ತಂದ ಪೊಟ್ಟಣಕ್ಕೆ ಆಪ್ಟ್ ಸಹಿ ಪರೀಕ್ಷೆ ಮಾಡುವುದಿಲ್ಲ. ಕಾವಲುಗಾರನ ಕೆಲಸ ಈಗ ನಿಮ್ಮದು.

ಅಳವಡಿಸುವ ಕ್ರಮ

ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಪೊಟ್ಟಣ ನಿಮ್ಮ ಯಂತ್ರಕ್ಕೆ ಹೊಂದುವುದೇ? ಟರ್ಮಿನಲ್ ತೆರೆದು 'ಯುನೇಮ್ -ಎಂ' ಎಂದು ಕೇಳಿ. ಉತ್ತರ 'ಎಕ್ಸ್86_64' ಎಂದಿದ್ದರೆ 'ಎಎಂಡಿ64' ಎಂಬ ಪೊಟ್ಟಣ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೂ ಇದೇ ಸರಿ. ಈ ವಿನ್ಯಾಸವನ್ನು ಮೊದಲು ರೂಪಿಸಿದ ಕಂಪನಿಯ ಹೆಸರು ಉಳಿದುಕೊಂಡಿದೆ, ಅಷ್ಟೇ. 32 ಬಿಟ್‌ನ ಹಳೆಯ ಯಂತ್ರವಾದರೆ ಕ್ರೋಮ್ ಸಿಗದು; ಲಿನಕ್ಸಿನಲ್ಲಿ ಅದಕ್ಕೆ ಬೆಂಬಲ 2016ರಲ್ಲೇ ನಿಂತಿತು. ವಿಂಡೋಸ್‌ನ 'ಇಎಕ್ಸ್ಇ' ಕಡತವೂ ಇಲ್ಲಿ ಕೆಲಸಕ್ಕೆ ಬಾರದು.

2. 'ಸಿಡಿ ಡೌನ್‌ಲೋಡ್ಸ್' ಎಂದು ಬರೆದು ಆ ಕಡತಕೋಶಕ್ಕೆ ಹೋಗಿ. ಎರಡನೆಯ ಪದದ ಮೊದಲ 'ಡಿ' ದೊಡ್ಡಕ್ಷರವಾಗಿರಬೇಕು. ದೊಡ್ಡಕ್ಷರ, ಸಣ್ಣಕ್ಷರಗಳು ಲಿನಕ್ಸಿಗೆ ಬೇರೆ ಬೇರೆ.

3. 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂದು ಬರೆದು, ಒಂದು ಜಾಗ ಬಿಟ್ಟು, ಚುಕ್ಕೆ ಮತ್ತು ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಕಡತದ ಹೆಸರು ಬರೆಯಿರಿ. ಮೊದಲ ಕೆಲವು ಅಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಚುಕ್ಕೆ-ಓರೆಗೆರೆ ಬಿಟ್ಟರೆ ಆಪ್ಟ್ ನಿಮ್ಮ ಕಡತವನ್ನು ಬಿಟ್ಟು ಉಗ್ರಾಣದಲ್ಲಿ ಹುಡುಕಿ, ಸಿಗಲಿಲ್ಲ ಎನ್ನುತ್ತದೆ.

4. ಗುಪ್ತಪದ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡದಿರಬಹುದು, ಗಾಬರಿ ಬೇಡ.

ಬ್ರೌಸರಿಗೆ ಬೇಕಾದ ಇತರ ಪೊಟ್ಟಣಗಳನ್ನು ಆಪ್ಟ್ ಅಂತರ್ಜಾಲದಿಂದ ತಾನೇ ತರುತ್ತದೆ. ಸಂಪರ್ಕವಿಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಆದ್ದರಿಂದ ಪೆನ್‌ಡ್ರೈವ್‌ನಲ್ಲಿ ಬ್ರೌಸರ್ ತಂದಿದ್ದರೂ ಅಳವಡಿಸುವ ಹೊತ್ತಿಗೆ ಮೊಬೈಲ್ ಫೋನಿನ ಹಾಟ್‌ಸ್ಪಾಟನ್ನಾದರೂ ಕೂಡಿಸುವುದು ಲೇಸು.

ಚೀಟಿ ಓದದಿದ್ದರೆ?

2025ರ ಜುಲೈನಲ್ಲಿ ನಡೆದುದನ್ನು ಕೇಳಿ. ಆರ್ಚ್ ಎಂಬ ಇನ್ನೊಂದು ಬಗೆಯ ಲಿನಕ್ಸಿಗೆ ಬಳಕೆದಾರರೇ ಪ್ಯಾಕೇಜ್ ಸೇರಿಸುವ ಒಂದು ಸಾರ್ವಜನಿಕ ಸಂಗ್ರಹವಿದೆ. ಅಲ್ಲಿ ಯಾರೋ ಮೂರು ಬ್ರೌಸರ್ ಪ್ಯಾಕೇಜ್‌ಗಳನ್ನು ಇಟ್ಟರು. ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಜೆನ್ ಬ್ರೌಸರುಗಳ ದೋಷ ತಿದ್ದಿದ ಆವೃತ್ತಿಗಳೆಂಬಂತೆ ಅವುಗಳ ಹೆಸರುಗಳಿದ್ದವು. ಒಳಗಿದ್ದದ್ದು ಬೇರೆಯವರ ಯಂತ್ರವನ್ನು ದೂರದಿಂದಲೇ ಆಳುವ ತಂತ್ರಾಂಶ. ಎರಡೇ ದಿನಗಳಲ್ಲಿ ಅವನ್ನು ತೆಗೆದುಹಾಕಲಾಯಿತು. ಅಷ್ಟರೊಳಗೆ ಅಳವಡಿಸಿಕೊಂಡವರು ತಮ್ಮ ಗುಪ್ತಪದವನ್ನು ತಾವೇ ಒತ್ತಿ ಕಳ್ಳನಿಗೆ ಬಾಗಿಲು ತೆರೆದಿದ್ದರು.

ಬ್ರೌಸರ್ ಎಂದರೆ ಕೇವಲ ಪುಟ ತೋರಿಸುವ ಕಿಟಕಿಯಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಮನೆಯವರ ಬ್ಯಾಂಕ್ ಖಾತೆ ಎಲ್ಲವೂ ಅದರ ಮೂಲಕವೇ ಹಾದುಹೋಗುತ್ತವೆ. ಶಾಲೆಯ ಒಂದು ಯಂತ್ರವನ್ನು ಹತ್ತಾರು ಮಂದಿ ಬಳಸುವಾಗ ಒಬ್ಬರ ಅವಸರಕ್ಕೆ ಎಲ್ಲರೂ ಬೆಲೆ ತೆರಬೇಕಾಗುತ್ತದೆ.

ಪರೀಕ್ಷೆಗೆ ಒಂದು ಉಪಾಯವಿದೆ. ಅನೇಕ ತಯಾರಕರು ತಮ್ಮ ತಾಣದಲ್ಲಿ ಕಡತದ ಜೊತೆಗೆ 64 ಅಕ್ಷರ-ಅಂಕಿಗಳ ಒಂದು ಮೊತ್ತವನ್ನು ಪ್ರಕಟಿಸುತ್ತಾರೆ. 'ಎಸ್‌ಎಚ್‌ಎ256ಸಮ್' ಎಂಬ ಆಜ್ಞೆಯ ಮುಂದೆ ಕಡತದ ಹೆಸರು ಕೊಟ್ಟರೆ ನಿಮ್ಮ ಯಂತ್ರವೂ ಅದೇ ಮೊತ್ತವನ್ನು ಲೆಕ್ಕ ಹಾಕುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಎರಡೂ ತಾಳೆಯಾಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದ ಕಡತಕ್ಕೆ ಈ ಪರೀಕ್ಷೆ ಬಹು ಉಪಯುಕ್ತ.

ಅಳವಡಿಸಿದ ಮೇಲೆ

ಬ್ರೌಸರಿನ ದೋಷಗಳನ್ನು ತಯಾರಕರು ಆಗಾಗ ತಿದ್ದುತ್ತಲೇ ಇರುತ್ತಾರೆ. ಕ್ರೋಮಿನ ಪೊಟ್ಟಣ ಅಳವಡಿಕೆಯ ವೇಳೆಯಲ್ಲೇ ಗೂಗಲ್‌ನ ಉಗ್ರಾಣವನ್ನು ನಿಮ್ಮ ಯಂತ್ರದ ಪಟ್ಟಿಗೆ ಸೇರಿಸುತ್ತದೆ. ಮುಂದೆ 'ಸುಡೊ ಆಪ್ಟ್ ಅಪ್‌ಡೇಟ್', ಅನಂತರ 'ಸುಡೊ ಆಪ್ಟ್ ಅಪ್‌ಗ್ರೇಡ್' ಎಂದರೆ ಹೊಸ ಆವೃತ್ತಿ ಬರುತ್ತದೆ. ಎಲ್ಲ ಪೊಟ್ಟಣಗಳೂ ಹೀಗೆ ಮಾಡುವುದಿಲ್ಲ. ಹಾಗೆ ಮಾಡದ ಬ್ರೌಸರ್ ಅಳವಡಿಸಿದ ದಿನದ ಸ್ಥಿತಿಯಲ್ಲೇ ಹಳತಾಗುತ್ತ ಹೋಗಬಹುದು.

ನೀವೇ ಮಾಡಿ ನೋಡಿ: ನಿಮ್ಮ ಶಾಲೆಯ ಯಂತ್ರದಲ್ಲಿರುವ ಬ್ರೌಸರ್ ಎಲ್ಲಿಂದ ಬಂದದ್ದು? 'ಆಪ್ಟ್ ಪಾಲಿಸಿ' ಎಂಬ ಆಜ್ಞೆಯ ಮುಂದೆ ಅದರ ಪ್ಯಾಕೇಜಿನ ಹೆಸರು ಬರೆದು ಕೇಳಿ. ಆವೃತ್ತಿಯನ್ನೂ ಉಗ್ರಾಣವನ್ನೂ ತಿಳಿಸುತ್ತದೆ. ಉತ್ತರವನ್ನು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.